ಭಜನಾ ಮಂದಿರದ ಕೆಮ್ಮು: ಒಂದು ಮಾಸ್ಕ್ ನಿಯಮ ಬಂದದ್ದು, ಹೋದದ್ದು

ಉಡುಪಿ ತಾಲೂಕಿನ ಒಂದು ಊರು. ಅಲ್ಲಿ ಒಂದು ಭಜನಾ ಮಂದಿರ. ಶನಿವಾರ ಸಂಜೆ 7ರಿಂದ 8.30ರ ತನಕ ಭಜನೆ, ವಾರದ ಮಧ್ಯೆ ಮಕ್ಕಳಿಗೆ ಕುಣಿತ ಭಜನೆಯ ತರಬೇತಿ. ಎರಡು ವರ್ಷದ ಹಿಂದೆ ಆಟಿ ತಿಂಗಳಲ್ಲಿ (ತುಳುವರ ಲೆಕ್ಕದ ಮಳೆಗಾಲದ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ಇಲ್ಲಿಗೆ ಬರುವವರಲ್ಲಿ ಜ್ವರ, ಕೆಮ್ಮು ಹಬ್ಬಿತು. ಒಬ್ಬ ಅಜ್ಜಿ ಆಸ್ಪತ್ರೆ ಸೇರಿದರು. ಆಡಳಿತ ಸಮಿತಿ ತುರ್ತು ಸಭೆ ಕರೆದು 'ಒಳಗೆ ಬರುವ ಎಲ್ಲರಿಗೂ ಮಾಸ್ಕ್ ಕಡ್ಡಾಯ' ಎಂದು ಬಾಗಿಲಿಗೆ ಬೋರ್ಡ್ ಹಾಕಿತು. ಕೆಲವೇ ವಾರದಲ್ಲಿ ಅದೇ ಸಮಿತಿ ಆ ಬೋರ್ಡ್ ತೆಗೆಯಿತು. ತೆಗೆದದ್ದು ಬೇಸರ ಬಂದು ಅಲ್ಲ, ಬೇರೆ ವ್ಯವಸ್ಥೆ ಮಾಡಿಕೊಂಡು. ಆ ನಡುವೆ ಏನಾಯಿತು ಎಂಬುದು ಬರೆದಿಡಬೇಕಾದ ವಿಷಯ ಎಂದು ನನಗೆ ಅನಿಸಿದೆ.

ನಾನು ಆ ಸಮಿತಿಯ ಸದಸ್ಯ. ಹೊಟ್ಟೆಪಾಡಿಗೆ ಮೆಡಿಕಲ್ ಅಂಗಡಿ. ಅಂದರೆ ಮಾಸ್ಕ್ ಮಾರುವವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಭೆಯಲ್ಲಿ ಅಧ್ಯಕ್ಷರು ನನ್ನನ್ನು ನೋಡಿ, "ಇವರಿಗೆ ಎಂಥ, ಬಾಕ್ಸ್ ಬಾಕ್ಸ್ ಖಾಲಿ ಆಗ್ತದೆ ಮಾರಾಯ್ರೆ" ಎಂದು ತಮಾಷೆ ಮಾಡಿದ್ದರು.

ಜಾಗ ಹೇಗಿದೆ

ಹಳೆಯ ಮಂದಿರಕ್ಕೆ ಹಂಚಿನ ಮಾಡು ಇತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಕರಾವಳಿಯಲ್ಲಿ ಮನೆ, ಶಾಲೆ, ಮಂದಿರ ಎಲ್ಲ ಹಂಚಿನದ್ದೇ ಆಯಿತಲ್ಲ, ಅದೇ ಜಾತಿಯದ್ದು. ಹಂಚಿನ ಸಂದಿನಲ್ಲಿ ಬಿಸಿಗಾಳಿ ಮೇಲೆ ಹೋಗುತ್ತಿತ್ತು. ಗೋಡೆ ಅರ್ಧಕ್ಕೆ ನಿಂತು, ಮೇಲೆ ಮರದ ಜಾಲರಿ. ಜೋರು ಮಳೆಗೆ ಎರಚಲು ಹೊಡೆಯುತ್ತಿತ್ತು, ಹಾರ್ಮೋನಿಯಂ ಮೇಲೆ ಪ್ಲಾಸ್ಟಿಕ್ ಹಾಕುತ್ತಿದ್ದೆವು. ಆದರೆ ಒಳಗಿನ ಗಾಳಿ ಯಾವತ್ತೂ ನಿಂತ ಗಾಳಿ ಆಗಿರಲಿಲ್ಲ.

ಜೀರ್ಣೋದ್ಧಾರದಲ್ಲಿ ಎಲ್ಲ ಬದಲಾಯಿತು. ಸ್ಲ್ಯಾಬ್ ಬಂತು. ಗಾಜಿನ ಸ್ಲೈಡಿಂಗ್ ಕಿಟಕಿ ಬಂತು. ಗೋಡೆಯ ಮೇಲ್ಭಾಗದಲ್ಲಿ ಎಂಜಿನಿಯರ್ ಗಾಳಿಕಿಂಡಿ ಇಟ್ಟಿದ್ದರು. ಮರುವರ್ಷ ಚಂದಕ್ಕೆ ಫಾಲ್ಸ್ ಸೀಲಿಂಗ್ ಹಾಕಿಸಿದೆವು, ಕಿಂಡಿಗಳು ಅದರ ಮೇಲೆ ಮುಚ್ಚಿಹೋದವು. ಮಳೆಗಾಲದಲ್ಲಿ ಎರಚಲಿಗೆ ಮತ್ತು ಸೊಳ್ಳೆಗೆ ಕಿಟಕಿ ಹಾಕುವುದು ರೂಢಿ. ಫ್ಯಾನ್ ತಿರುಗುತ್ತದೆ, ತಂಪು ಅನಿಸುತ್ತದೆ. ಆದರೆ ಫ್ಯಾನ್ ಇದ್ದ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ.

ಇದು ಬರೀ ಅನಿಸಿಕೆ ಅಲ್ಲ. ಜ್ವರ ಹಬ್ಬಿದ ಮೇಲೆ, ಎಂಜಿನಿಯರಿಂಗ್ ಓದುವ ಊರಿನ ಹುಡುಗನೊಬ್ಬ ಕಾಲೇಜಿನಿಂದ ಕಾರ್ಬನ್ ಡೈಆಕ್ಸೈಡ್ ಅಳೆಯುವ ಸಣ್ಣ ಯಂತ್ರ ತಂದು ಮೂಲೆಯಲ್ಲಿ ಇಟ್ಟ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷದಲ್ಲಿ 420 ಪಾಲಿನ ಆಸುಪಾಸು ಇರುತ್ತದೆ. ಭಜನೆ ಮುಗಿಯುವಷ್ಟರಲ್ಲಿ ಒಳಗೆ ಅದರ ನಾಲ್ಕು ಪಟ್ಟು ತೋರಿಸಿತು. ನಾವು ಹೊರಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 4ರಷ್ಟು. ಲೆಕ್ಕ ಹಾಕಿದರೆ, ಆ ಹಾಲಿನಲ್ಲಿ ಎಳೆದುಕೊಂಡ ಸುಮಾರು 30 ಉಸಿರಿಗೆ ಒಂದು ಉಸಿರಿನಷ್ಟು ಗಾಳಿ ಇನ್ನೊಬ್ಬರು ಬಿಟ್ಟದ್ದು. ಅಧ್ಯಕ್ಷರಿಗೆ ಈ ಲೆಕ್ಕ ಹೇಳಿದಾಗ ಅವರು ಒಂದು ಕ್ಷಣ ಉಸಿರು ಹಿಡಿದುಕೊಂಡದ್ದು ನನಗೆ ನೆನಪಿದೆ.

ಜ್ವರ ಹಬ್ಬಿದ ರೀತಿ

ಕೃಷ್ಣಾಷ್ಟಮಿಗೆ ಮಕ್ಕಳ ಕುಣಿತ ಭಜನೆ ಇತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಕೂತು ಹಾಡುವ ಭಜನೆ ಅಲ್ಲ. ಕಾಲುದೀಪದ ಸುತ್ತ ತಾಳ ಹಿಡಿದು, ಹಾರಿ, ಬಾಗಿ, ತಿರುಗಿ ಕುಣಿಯುತ್ತಾ ಹಾಡುವುದು. ಹತ್ತು ನಿಮಿಷಕ್ಕೆ ಮಕ್ಕಳು ಏದುಸಿರು ಬಿಡುತ್ತಾರೆ. ಸಾಮಾನ್ಯ ಮಾತಿಗಿಂತ ಹಾಡಿನಲ್ಲಿ ಬಾಯಿಂದ ಹೊರಡುವ ಸಣ್ಣ ಹನಿಗಳು ಜಾಸ್ತಿ. ಸ್ವರ ಏರಿದಷ್ಟೂ ಇನ್ನೂ ಜಾಸ್ತಿ. ಏದುಸಿರು ಬಿಡುವಾಗ ಒಳಗೆ ಎಳೆದುಕೊಳ್ಳುವ ಗಾಳಿಯೂ ಜಾಸ್ತಿ. ಮುಚ್ಚಿದ ಹಾಲಿನಲ್ಲಿ ಇವು ಎಲ್ಲ ಒಟ್ಟಿಗೆ ಸೇರಿದರೆ ವೈರಸ್‌ಗೆ ಬೇರೆ ಅನುಕೂಲ ಬೇಡ.

ಒಂದು ಶುಕ್ರವಾರದ ತರಬೇತಿಗೆ ಒಬ್ಬ ಹುಡುಗ ಮೂಗು ಸೋರಿಸಿಕೊಂಡೇ ಬಂದಿದ್ದ. ಮರುದಿನ ಶನಿವಾರದ ಭಜನೆಗೂ ಮನೆಯವರೊಂದಿಗೆ ಬಂದ. ಮುಂದಿನ ವಾರ ತರಬೇತಿಯ ಸಾಲಿನಲ್ಲಿ ಅಲ್ಲಲ್ಲಿ ಜಾಗ ಖಾಲಿ. ಸೋಮವಾರ, ಮಂಗಳವಾರದಿಂದ ಹಿರಿಯರಿಗೆ ಜ್ವರ ಶುರುವಾಯಿತು. ನನ್ನ ಅಂಗಡಿಗೆ ಒಂದೇ ಬಗೆಯ ಚೀಟಿಗಳು ಬರತೊಡಗಿದವು. ಸಕ್ಕರೆ ಕಾಯಿಲೆ ಇದ್ದ ಅಜ್ಜಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದರು. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ ಎಂದು ಬಂತು. ಕೋವಿಡ್ ಅಲ್ಲ, ಫ್ಲೂ.

ಎಲ್ಲವೂ ಮಂದಿರದಿಂದಲೇ ಹಬ್ಬಿತು ಎಂದು ನಾನು ಹೇಳುವುದಿಲ್ಲ. ಮಕ್ಕಳು ಶಾಲೆಯಲ್ಲೂ ಒಟ್ಟಿಗೆ ಕೂರುತ್ತಾರೆ, ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಆದರೆ ಹಿರಿಯರ ವಿಷಯ ಬೇರೆ. ಆ ಮಳೆಯಲ್ಲಿ ಅವರಲ್ಲಿ ಹಲವರು ಮನೆ ಬಿಟ್ಟು ಹೊರಗೆ ಬಂದದ್ದೇ ಶನಿವಾರದ ಭಜನೆಗೆ. ಫ್ಲೂ ತಗಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ದಿನ, ಹೆಚ್ಚೆಂದರೆ ನಾಲ್ಕು ದಿನ ಬೇಕು. ಲೆಕ್ಕ ಸರಿಯಾಗಿ ಕೂರುತ್ತದೆ. ಇನ್ನೊಂದು ವಿಷಯವೂ ಉಂಟು. ಪ್ರತಿ ವಾರ ಒಳಗೆ ಬಾರದೆ ಜಗಲಿಯಲ್ಲೇ ಕೂತು ಎಲೆಅಡಿಕೆ ಹಾಕುತ್ತಾ ಭಜನೆ ಕೇಳುವ ಒಂದು ಗುಂಪು ನಮ್ಮಲ್ಲಿದೆ. ಅವರ ಕಡೆ ಜ್ವರ ಹೆಚ್ಚು ಬರಲಿಲ್ಲ. ಇದು ಸಾಬೀತು ಅಲ್ಲ. ಆದರೆ ಕಣ್ಣಿಗೆ ಬೀಳುವ ವಿಷಯ, ಅಲ್ವಾ?

ಸಭೆ

ಸಭೆಯಲ್ಲಿ ಮೂರು ಗುಂಪು. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿದಿದ್ದೇವೆ, ಇನ್ನು ಎಂಥದೂ ಬೇಡ ಎನ್ನುವವರು ಒಂದು ಕಡೆ. ಮಳೆ ಮುಗಿಯುವ ತನಕ ಭಜನೆಯೇ ಬೇಡ ಎನ್ನುವವರು ಇನ್ನೊಂದು ಕಡೆ. ಶನಿವಾರದ ಭಜನೆ ತಪ್ಪಿಸುವ ಮಾತು ಹಿರಿಯರಿಗೆ ಹಿಡಿಸಲಿಲ್ಲ. ಲಾಕ್‌ಡೌನ್ ಕಾಲದಲ್ಲೂ ಅರ್ಚಕರು ಒಬ್ಬರೇ ದೀಪ ಹಚ್ಚಿ ನಾಲ್ಕು ಹಾಡು ಹೇಳಿದ್ದರು ಎಂಬುದು ಅವರ ವಾದ. ಹಾಗಾಗಿ ಎಲ್ಲರೂ ಮೂರನೆಯ ಮಾತಿಗೆ ಬಂದರು: ಮಾಸ್ಕ್.

ಒಬ್ಬರು ಮಾತ್ರ ಫೋನ್ ತೆಗೆದು ತೋರಿಸಿದರು. ಮಾಸ್ಕ್‌ನಿಂದ ಪ್ರಯೋಜನ ಇಲ್ಲ ಎಂದು ದೊಡ್ಡ ಸಂಸ್ಥೆಯೇ ಹೇಳಿದೆ ಎಂಬ ಸಂದೇಶ. ಅದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಸೇರಿಸಿ ಪರಿಶೀಲಿಸುವ ಕಾಕ್ರನ್ ಸಂಸ್ಥೆ 2023ರ ಶುರುವಿನಲ್ಲಿ ಹೊರತಂದ ವರದಿಯ ಮೇಲೆ ಕಟ್ಟಿದ ಮಾತು. ಆದರೆ ಆ ವರದಿಯನ್ನು ಹಾಗೆ ಓದುವುದು ತಪ್ಪು ಎಂದು ಅದೇ ವರ್ಷದ ಮಾರ್ಚ್‌ನಲ್ಲಿ ಕಾಕ್ರನ್‌ನ ಪ್ರಧಾನ ಸಂಪಾದಕಿಯೇ ಹೇಳಿಕೆ ಕೊಟ್ಟಿದ್ದರು. ಮಾಸ್ಕ್ ಹಾಕಿ ಎಂದು ಜನರಿಗೆ ಹೇಳಿದರೆ ಸೋಂಕು ಕಡಿಮೆಯಾಗುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಉತ್ತರ ಖಚಿತವಾಗಿ ಸಿಗಲಿಲ್ಲ ಎಂದರೆ ಮಾಸ್ಕ್ ಕೆಲಸ ಮಾಡುವುದಿಲ್ಲ ಎಂದಾಗುವುದಿಲ್ಲ. ಹೇಳುವುದು ಬೇರೆ, ಹಾಕುವುದು ಬೇರೆ, ಸರಿಯಾಗಿ ಹಾಕುವುದು ಇನ್ನೂ ಬೇರೆ. ಈ ವ್ಯತ್ಯಾಸವನ್ನು ಮುಂದಿನ ವಾರಗಳಲ್ಲಿ ನಮ್ಮ ಹಾಲೇ ತೋರಿಸಿಕೊಟ್ಟಿತು.

ನಾನು ಆಗ ಬಾಂಗ್ಲಾದೇಶದ ಅಧ್ಯಯನದ ವಿಷಯ ಹೇಳಿದೆ. 2020ರ ಕೊನೆಯಿಂದ 2021ರ ಏಪ್ರಿಲ್ ತನಕ ಅಲ್ಲಿ 600 ಹಳ್ಳಿಗಳಲ್ಲಿ, 3.4 ಲಕ್ಷ ವಯಸ್ಕರ ನಡುವೆ ಇದನ್ನು ನೋಡಿದರು. ಅರ್ಧ ಹಳ್ಳಿಗಳಿಗೆ ಮಾಸ್ಕ್ ಪುಕ್ಕಟೆ ಕೊಟ್ಟು, ಊರಿನ ಮುಖಂಡರಿಂದ ಹೇಳಿಸಿ, ಬೀದಿಯಲ್ಲಿ ಕಂಡಾಗ ನೆನಪು ಮಾಡಿದರು. ಸರಿಯಾಗಿ ಮಾಸ್ಕ್ ಹಾಕುವವರು ನೂರಕ್ಕೆ 13ರಿಂದ 42ಕ್ಕೆ ಏರಿದರು. ಅಷ್ಟರಿಂದಲೇ, ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣ ಸಹಿತದ ಕೋವಿಡ್ ನೂರಕ್ಕೆ 11ರಷ್ಟು ಇಳಿಯಿತು. 60 ದಾಟಿದವರಲ್ಲಿ ಇಳಿಕೆ 35ರಷ್ಟು. ಬಟ್ಟೆ ಮಾಸ್ಕ್ ಕೊಟ್ಟಲ್ಲಿ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ. ಅಲ್ಲಿದ್ದದ್ದು ಕೋವಿಡ್, ನಮ್ಮಲ್ಲಿದ್ದದ್ದು ಫ್ಲೂ. ಆದರೂ ಎರಡೂ ಉಸಿರಿನ ದಾರಿಯಲ್ಲಿ ಹೋಗುವ ವೈರಸ್‌ಗಳೇ.

ಬೋರ್ಡ್ ಹಾಕಲಾಯಿತು. ಸಮಿತಿಯ ದುಡ್ಡಿನಲ್ಲಿ ಸರ್ಜಿಕಲ್ ಮಾಸ್ಕ್‌ನ ಬಾಕ್ಸ್ ತಂದು ಬಾಗಿಲಲ್ಲಿ ಇಟ್ಟೆವು. 2020ರ ಮಾರ್ಚ್‌ನಲ್ಲಿ ಇದೇ ಮೂರು ಪದರದ ಮಾಸ್ಕ್‌ಗೆ 10 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಎಂದು ಕೇಂದ್ರ ಸರ್ಕಾರ ಮಿತಿ ಹಾಕಬೇಕಾಗಿ ಬಂದಿತ್ತು. ಈಗ ಕೇಳುವವರಿಲ್ಲದೆ ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು.

ಬೋರ್ಡ್ ಇದ್ದ ವಾರಗಳು

ಮೊದಲ ಶನಿವಾರ ಎಲ್ಲರ ಮುಖದಲ್ಲೂ ಮಾಸ್ಕ್. ಎರಡನೇ ಹಾಡಿಗೆ ಮುಂದೆ ಹೇಳಿಕೊಡುವವರು ಅದನ್ನು ಗಲ್ಲಕ್ಕೆ ಇಳಿಸಿದರು. "ಸ್ವರವೇ ಹೋಗ್ತದೆ ಅಣ್ಣ, ಶ್ರುತಿ ಸಿಕ್ಕುವುದಿಲ್ಲ." ಅವರು ಇಳಿಸಿದ್ದು ನೋಡಿ ಹಿಂದಿನವರ ಮೂಗು ಹೊರಗೆ ಬಂತು. ಶಂಖ ಊದುವವನಿಗೆ ಏನು ಮಾಡುವುದು ಎಂದು ಯಾರೋ ಕೇಳಿದರು, ಹಾಲ್ ಇಡೀ ನಕ್ಕಿತು.

ಮಕ್ಕಳ ತರಬೇತಿಯಲ್ಲಿ ಇನ್ನೂ ಕಷ್ಟ. ಬೆವರಿಗೆ, ಉಸಿರಿಗೆ ಮಾಸ್ಕ್ ಒದ್ದೆ. ಒದ್ದೆಯಾದದ್ದು ಬಾಯಿಗೆ ಅಂಟಿಕೊಳ್ಳುತ್ತದೆ, ಉಸಿರಾಡಲು ಬಲ ಹಾಕಬೇಕು. ಮಗು ಅದನ್ನು ಕೆಳಗೆ ಎಳೆಯದೆ ಇನ್ನೇನು ಮಾಡೀತು? ಕೆಲವು ಮನೆಯವರು 2020ರಲ್ಲಿ ಹೊಲಿಸಿಟ್ಟ ಬಟ್ಟೆ ಮಾಸ್ಕ್ ಹುಡುಕಿ ತೆಗೆದು ಕಳಿಸಿದರು. ಆಟಿಯಲ್ಲಿ ನಮ್ಮಲ್ಲಿ ಒಗೆದ ಬಟ್ಟೆ ಒಣಗುತ್ತದೆಯೇ? ಬಚ್ಚಲ ಒಲೆಯ ಹತ್ತಿರ ತೂಗು ಹಾಕಿ, ಹೊಗೆ ಮತ್ತು ಮುಗ್ಗಲು ವಾಸನೆಯ ಮಾಸ್ಕ್ ಕಟ್ಟಿಕೊಂಡು ಮಕ್ಕಳು ಬಂದರು. ಕುಣಿದು ಕುಣಿದು ಒಬ್ಬಳಿಗೆ ತಲೆ ತಿರುಗಿದಂತಾದ ಮೇಲೆ ಮೇಸ್ಟ್ರು ಕಣ್ಣು ಮುಚ್ಚಿಕೊಂಡರು, ನಿಯಮ ಅಲ್ಲಿಗೆ ಸತ್ತಿತು.

ಇಷ್ಟು ಯಾರಿಗೂ ಗೊತ್ತಾಗುವ ವಿಷಯ. ಆದರೆ ಎರಡು ಸಂಗತಿ ನನ್ನ ಗಮನಕ್ಕೆ ಬಂದವು, ಇಡೀ ಪ್ರಕರಣದ ತಿರುಳು ಅಲ್ಲೇ ಇದೆ.

ಒಂದು, ಮಂಗಳಾರತಿ ಆದ ಮೇಲಿನ ಹೊತ್ತು. ಆರತಿ ಮುಗಿದ ಕೂಡಲೇ ಅವಲಕ್ಕಿ ಪಂಚಕಜ್ಜಾಯ, ಚಹಾ. ಹೊರಗೆ ಮಳೆ. ಎಲ್ಲರೂ ಮಾಸ್ಕ್ ತೆಗೆದು, ಆ ಮುಚ್ಚಿದ ಹಾಲಿನಲ್ಲೇ ಮುಖಕ್ಕೆ ಮುಖ ಕೊಟ್ಟು ಅರ್ಧ ಗಂಟೆ ಮಾತಾಡುತ್ತಿದ್ದರು. ಒಂದೂವರೆ ಗಂಟೆ ಹಾಡಿ ತುಂಬಿಸಿದ ಗಾಳಿಯಲ್ಲಿ! ಬರುವಾಗ ಗೇಟಿನ ಹತ್ತಿರ, ತೆರೆದ ಅಂಗಳದಲ್ಲಿ, ಮಾಸ್ಕ್ ಮೂಗಿನ ಮೇಲೆ ಗಟ್ಟಿ. ಬೇಕಾದಲ್ಲಿ ಇಲ್ಲ, ಬೇಡವಾದಲ್ಲಿ ಉಂಟು.

ಇನ್ನೊಂದು ಇದಕ್ಕಿಂತ ದೊಡ್ಡದು. ಬೋರ್ಡ್ ಬರುವ ಮೊದಲು ಕೆಮ್ಮು ಇದ್ದವರಲ್ಲಿ ಕೆಲವರಾದರೂ ನಾಚಿಕೆಗೆ ಮನೆಯಲ್ಲಿ ಉಳಿಯುತ್ತಿದ್ದರು. ಬೋರ್ಡ್ ಬಂದ ಮೇಲೆ ಅವರೂ ಬರತೊಡಗಿದರು. "ಮಾಸ್ಕ್ ಉಂಟಲ್ಲ!" ಎಲ್ಲರಿಗೂ ಒಂದೇ ನಿಯಮ ಎಂದಾಗ ಆರೋಗ್ಯ ಇದ್ದವನೂ ಕೆಮ್ಮುವವನೂ ಒಂದೇ ಆದರು. ಮಾಸ್ಕ್ ಎಂಬುದು ಒಳಗೆ ಬರುವ ಪಾಸ್ ಆಯಿತು.

ನನಗೆ ಆಗ ನೆನಪಾದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಎಂಬಲ್ಲಿನ ಹಾಡುಗಾರರ ತಂಡ. 2020ರ ಮಾರ್ಚ್ 10ರಂದು ಅವರು ಎರಡೂವರೆ ಗಂಟೆ ಅಭ್ಯಾಸ ಮಾಡಿದರು. 61 ಜನ. ಕೈಗೆ ಸ್ಯಾನಿಟೈಸರ್ ಇಟ್ಟಿದ್ದರು. ಬಂದವರಲ್ಲಿ ಒಬ್ಬರಿಗೆ ಶೀತದ ಲಕ್ಷಣ ಇತ್ತು. ಕೊನೆಗೆ ಆ ಒಬ್ಬರೂ ಸೇರಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಹೋದರು. ನಮ್ಮ ಬಾಗಿಲಲ್ಲೂ ಸ್ಯಾನಿಟೈಸರ್ ಬಾಟಲಿ ಇತ್ತು, ಇವತ್ತಿಗೂ ಇದೆ. ಅಲ್ಲಿ ತಡೆಯಬೇಕಾಗಿದ್ದದ್ದು ಆ ಒಬ್ಬ ವ್ಯಕ್ತಿಯ ಉಸಿರನ್ನು ಮತ್ತು ನಿಂತ ಗಾಳಿಯನ್ನು. ನಮ್ಮಲ್ಲೂ ಅಷ್ಟೇ.

ಕೆಮ್ಮಿದ ಮಗು ಯಾಕೆ ಬರುತ್ತದೆ?

ಈ ಪ್ರಶ್ನೆಯನ್ನು ಸಭೆಯಲ್ಲಿ ಕೇಳಿದ್ದು ಒಬ್ಬ ತಾಯಿ. ಉತ್ತರ ಹೇಳಿದ್ದೂ ಅವರೇ. ಮೂರು ದಿನ ತಪ್ಪಿಸಿದರೆ ಅಷ್ಟಮಿಯ ಸಾಲಿನಲ್ಲಿ ಜಾಗ ಹೋಗುತ್ತದೆ ಎಂದು ಮೇಸ್ಟ್ರು ಮೊದಲೇ ಹೇಳಿಬಿಟ್ಟಿದ್ದರು. ಮುಂದಿನ ಸಾಲು ಬಿಟ್ಟುಕೊಡಲು ಯಾವ ಮಗು ತಯಾರಿರುತ್ತದೆ? ಮೂಗು ಒರೆಸಿಕೊಂಡು ಬಂದೇ ಬರುತ್ತದೆ.

ಮೇಸ್ಟ್ರು ಒಳ್ಳೆಯವರು. ಅವರಿಗೆ ಇದು ಹೊಳೆದಿರಲಿಲ್ಲ ಅಷ್ಟೆ. ಅದೇ ಸಂಜೆ ಮಕ್ಕಳನ್ನು ಕೂರಿಸಿ ಹೇಳಿದರು: ಜ್ವರ ಬಂದು ತಪ್ಪಿಸಿದವರ ಜಾಗ ಎಲ್ಲಿಗೂ ಹೋಗುವುದಿಲ್ಲ. ಜ್ವರ ಬಿಟ್ಟು ಒಂದು ದಿನ ಆದ ಮೇಲೆ ಬನ್ನಿ, ತಪ್ಪಿದ ಹೆಜ್ಜೆಯ ವಿಡಿಯೊ ಮನೆಗೆ ಕಳಿಸುತ್ತೇನೆ. ನನ್ನ ಲೆಕ್ಕದಲ್ಲಿ ಆ ಮಳೆಗಾಲ ನಾವು ಮಾಡಿದ ಕೆಲಸಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ದುಡ್ಡೂ ಖರ್ಚಾಗಲಿಲ್ಲ.

ಕುಣಿತದ ಅಭ್ಯಾಸ ಎದುರಿನ ಅಂಗಳದ ಶೀಟ್ ಚಪ್ಪರಕ್ಕೆ ಹೋಯಿತು. ಮೂರು ಕಡೆ ತೆರೆದ ಜಾಗ. ಮಳೆ ಬಿದ್ದಾಗ ಶೀಟಿನ ಸದ್ದಿಗೆ ತಾಳ ಕೇಳುವುದಿಲ್ಲ ಎಂದು ಮೇಸ್ಟ್ರು ಗೊಣಗುತ್ತಾರೆ. ಅಲ್ಲಿ ಮಕ್ಕಳಿಗೆ ಮಾಸ್ಕ್ ಬೇಡ ಎಂದೆವು. ಹಾರಿ ಕುಣಿಯುವ ಮಗುವಿನ ಮುಖಕ್ಕೆ ಒದ್ದೆ ಬಟ್ಟೆ ಕಟ್ಟುವುದು ರಕ್ಷಣೆಯೂ ಅಲ್ಲ, ನ್ಯಾಯವೂ ಅಲ್ಲ.

ಹಾಲಿನ ವಿಷಯಕ್ಕೆ ಬಂದರೆ, ಮಳೆಗಾಲದ ಗಾಳಿ ಪಡುವಣದಿಂದ, ಕಡಲ ಕಡೆಯಿಂದ ಬರುತ್ತದೆ. ಎರಚಲೂ ಆ ಕಡೆಯದ್ದೇ. ಮೂಡಣದ ಕಿಟಕಿಗಳನ್ನು ತೆರೆದಿಟ್ಟರೆ ಒಂದು ಹನಿಯೂ ಒಳಗೆ ಬರುವುದಿಲ್ಲ. ಇಷ್ಟು ವರ್ಷ ಎರಡೂ ಕಡೆ ಸುಮ್ನೆ ಮುಚ್ಚುತ್ತಿದ್ದೆವು. ಮೂಡಣದ ಕಿಟಕಿಗೆ ಸೊಳ್ಳೆಪರದೆ ಹೊಡೆಸಿ, ಎತ್ತರದಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಪಡುವಣದ ಜಗಲಿ ಬಾಗಿಲು ತೆರೆದೇ ಇರುತ್ತದೆ. ಆ ಹುಡುಗ ಮತ್ತೆ ಯಂತ್ರ ಇಟ್ಟು ನೋಡಿದ. ಸಂಖ್ಯೆ ಮೊದಲಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತಿತು.

ಮೈಕ್ ಮೊದಲೇ ಇತ್ತು. ಆದರೂ ಎಲ್ಲರೂ ಗಂಟಲು ಹರಿಯುವ ಹಾಗೆ ಹಾಡುವುದು ನಮ್ಮ ಪದ್ಧತಿ. ಹೇಳಿಕೊಡುವವರು ಮೈಕ್ ಹತ್ತಿರ ಇಟ್ಟುಕೊಂಡು ಮೆಲ್ಲ ಹಾಡಿದರೆ ಹನಿಯೂ ಕಡಿಮೆ, ಹಿಂದಿನವರೂ ತಾವಾಗಿ ಸ್ವರ ಇಳಿಸುತ್ತಾರೆ. ಇದು ಪೂರ್ತಿ ಪಾಲನೆ ಆಗಿಲ್ಲ. ಕೊನೆಯ ಹಾಡಿಗೆ ಎಲ್ಲರಿಗೂ ಆವೇಶ ಬರುತ್ತದೆ, ಏನೂ ಮಾಡುವ ಹಾಗಿಲ್ಲ. ಪ್ರಸಾದವನ್ನು ಆಟಿ, ಅದರ ಮುಂದಿನ ಸೋಣ, ಈ ಎರಡು ತಿಂಗಳು ಬಾಳೆಎಲೆಯಲ್ಲಿ ಕಟ್ಟಿ ಮನೆಗೆ ಕೊಡುತ್ತೇವೆ. ಚಹಾ ಜಗಲಿಯಲ್ಲಿ.

ಹಾಗಾದರೆ ಮಾಸ್ಕ್ ಯಾರಿಗೆ?

ಬೋರ್ಡ್ ತೆಗೆದೆವು, ಮಾಸ್ಕ್ ಬಿಡಲಿಲ್ಲ. ಎರಡು ಬಗೆಯ ಜನರಿಗೆ ಅದನ್ನು ಉಳಿಸಿಕೊಂಡೆವು.

ಕೆಮ್ಮು, ಶೀತ ಇದ್ದೂ ಬರಲೇಬೇಕಾದವರು ಮೊದಲನೆಯವರು. ಅರ್ಚಕರು, ತಬಲಾದವರು, ಬೇರೆ ಜನ ಸಿಗದಾಗ ಬೇಕೇ ಬೇಕು. ಇವರಿಗೆ ಸರ್ಜಿಕಲ್ ಮಾಸ್ಕ್, ಬಾಗಿಲ ಹತ್ತಿರದ ಜಾಗ, ಹಾಡುವ ಹಾಗಿಲ್ಲ. ಹನಿ ಬಾಯಿಂದ ಹೊರಡುವಾಗ ದೊಡ್ಡದಾಗಿರುತ್ತದೆ, ಗಾಳಿಯಲ್ಲಿ ಒಣಗಿ ಸಣ್ಣದಾಗುತ್ತದೆ. ಹೊರಡುವಲ್ಲೇ ಹಿಡಿಯುವುದು ಸುಲಭ.

ಎರಡನೆಯವರು ಸಕ್ಕರೆ, ಹೃದಯ, ಅಸ್ತಮಾ ತೊಂದರೆ ಇರುವವರು, ತೀರಾ ವಯಸ್ಸಾದವರು. ಇವರಿಗೆ ಸರ್ಜಿಕಲ್ ಸಾಲದು, ಎನ್95 ಬೇಕು. ಆ 95 ಎಂದರೆ 0.3 ಮೈಕ್ರಾನ್ ಅಳತೆಯ ಕಣಗಳಲ್ಲಿ ನೂರಕ್ಕೆ 95ನ್ನಾದರೂ ತಡೆಯಬೇಕು ಎಂದು. ಅದರ ನಡುವಿನ ಪದರದಲ್ಲಿ ವಿದ್ಯುತ್ ಅಂಶ ತುಂಬಿದ ಸಣ್ಣ ಎಳೆಗಳಿರುತ್ತವೆ. ಹತ್ತಿರ ಬಂದ ಕಣವನ್ನು ಅವು ಸೆಳೆದು ಹಿಡಿಯುತ್ತವೆ. ಸೋಪು ಹಾಕಿ ತೊಳೆದರೆ ಆ ಶಕ್ತಿ ಹೋಗುತ್ತದೆ. ತೊಳೆದು ಮತ್ತೆ ಹಾಕಿಕೊಂಡು ಬರುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಮಧ್ಯದಲ್ಲಿ ಗುಂಡಿಯಂಥ ಕವಾಟ ಇರುವ ಎನ್95 ಬೇಡ. ಅದು ಹಾಕಿದವನ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ. 2020ರ ಜುಲೈಯಲ್ಲೇ ಕೇಂದ್ರದ ಆರೋಗ್ಯ ಇಲಾಖೆ ಇದರ ಬಗ್ಗೆ ರಾಜ್ಯಗಳಿಗೆ ಪತ್ರ ಬರೆದಿತ್ತು. ಕನ್ನಡಕಕ್ಕೆ ಮಬ್ಬು ಕವಿದರೆ ಮೂಗಿನ ಹತ್ತಿರ ಸೋರುತ್ತಿದೆ ಎಂದೇ ಅರ್ಥ, ತಂತಿ ಒತ್ತಬೇಕು. ದಪ್ಪ ಗಡ್ಡದ ಮೇಲೆ ಯಾವ ಎನ್95 ಕೂಡ ಸರಿಯಾಗಿ ಕೂರುವುದಿಲ್ಲ.

ಎನ್95 ಹಾಕಿ ಹಾಡಲು ಆಗುತ್ತದೆಯೇ? ಮೆಲ್ಲ ಹಿಂದಿನಿಂದ ಹೇಳಲು ಆಗುತ್ತದೆ. ಮುಂದೆ ಹೇಳಿಕೊಡಲು ಆಗುವುದಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಅಜ್ಜಿಯ ವಿಷಯ ಇಲ್ಲಿ ಹೇಳಬೇಕು. ಅವರು ಬಂದ ವಾರವೇ ಮೊಮ್ಮಗನಿಗೆ ಜ್ವರ ಶುರು. ಎರಡೂ ಕಡೆ ಓಡಾಡುವವರು ಸೊಸೆ ಒಬ್ಬರೇ. ಮಾಸ್ಕ್ ಹಾಕಿಕೊಂಡು ಅಜ್ಜಿಗೆ ಗಂಜಿ ಕೊಡಲು ಹೋದರೆ, "ನನ್ನ ಹತ್ತಿರ ಬರ್ಲಿಕ್ಕೆ ನಿನಗೆ ಮೂಗು ಮುಚ್ಕೊಳ್ಬೇಕಾ?" ಎಂದು ಅಜ್ಜಿ ತಟ್ಟೆ ದೂಡಿದರು. ಮನೆಯೊಳಗಿನ ಮಾಸ್ಕ್ ನಮಗೆ ಅಸಹ್ಯದ ಗುರುತಾಗಿ ಕಾಣುತ್ತದೆ. ಸೊಸೆ ವಾದ ಮಾಡಲಿಲ್ಲ. "ಇದು ನಿಮ್ಮ ವಾಸನೆಗೆ ಅಲ್ಲ ಅತ್ತೆ, ನನ್ನ ಕೆಮ್ಮು ನಿಮಗೆ ತಾಗಬಾರದು ಅಂತ" ಎಂದರು. ಅವರಿಗೆ ಕೆಮ್ಮು ಇರಲಿಲ್ಲ. ಆದರೆ ಆ ಮಾತಿನಲ್ಲಿ ತಪ್ಪೂ ಇರಲಿಲ್ಲ. ಫ್ಲೂ ಇರುವವರು ಲಕ್ಷಣ ಕಾಣಿಸುವ ಒಂದು ದಿನ ಮೊದಲೇ ಹರಡಬಲ್ಲರು. ಅಜ್ಜಿ ಮೂರು ದಿನ ಮುಖ ಊದಿಸಿಕೊಂಡಿದ್ದರು. ಮತ್ತೆ ಜ್ವರ ಬರಲಿಲ್ಲ. ಅವರಿಗೆ ಒಮ್ಮೆ ಬಂದು ಹೋಗಿತ್ತಲ್ಲ, ಅದರಿಂದಲೂ ಇರಬಹುದು.

ಈಚೆಗೆ

ಕಳೆದ ಮಳೆಗಾಲದಲ್ಲೂ ಊರಿಗೆ ಫ್ಲೂ ಬಂತು. ಮಂದಿರಕ್ಕೆ ಬರುವವರು ಒಂದೇ ವಾರದಲ್ಲಿ ಸಾಲಾಗಿ ಮಲಗುವುದು ಮಾತ್ರ ಕಾಣಲಿಲ್ಲ. ಇದಕ್ಕೆ ನಮ್ಮ ವ್ಯವಸ್ಥೆಯೇ ಕಾರಣ ಎಂದು ಎದೆ ತಟ್ಟಿ ಹೇಳುವ ಹಾಗಿಲ್ಲ. ಫ್ಲೂ ಒಂದು ವರ್ಷ ಜೋರು, ಒಂದು ವರ್ಷ ಮೆಲ್ಲ. ಹಿರಿಯರಲ್ಲಿ ಕೆಲವರು ಲಸಿಕೆಯನ್ನೂ ಹಾಕಿಸಿಕೊಂಡಿದ್ದರು. ಎನ್95 ಹಾಕುವವರು ಈಗಲೂ ಬೆರಳೆಣಿಕೆಯಷ್ಟು. ಆದರೆ ಅವರನ್ನು ನೋಡಿ ಯಾರೂ ನಗುವುದಿಲ್ಲ. ಬೋರ್ಡ್ ಇದ್ದ ಕಾಲದಲ್ಲಿ ಎಲ್ಲರೂ ನಗುತ್ತಿದ್ದರು.

ಎಕ್ಸಾಸ್ಟ್ ಫ್ಯಾನಿನ ಸದ್ದಿಗೆ ಶ್ರುತಿ ಕೆಡುತ್ತದೆ ಎಂದು ಹಾರ್ಮೋನಿಯಂನವರ ತಕರಾರು ಇದೆ. ಫಾಲ್ಸ್ ಸೀಲಿಂಗ್ ತೆಗೆದರೆ ಮೇಲಿನ ಗಾಳಿಕಿಂಡಿಗಳು ತೆರೆದುಕೊಳ್ಳುತ್ತವೆ, ಫ್ಯಾನೇ ಬೇಡವಾಗಬಹುದು ಎಂದು ಎಂಜಿನಿಯರ್ ಹೇಳಿದ್ದಾರೆ. ಆದರೆ ಸೀಲಿಂಗ್ ದಾನಿಗಳು ಕೊಟ್ಟದ್ದು, ಅವರ ಹೆಸರು ಗೋಡೆಯ ಕಲ್ಲಿನಲ್ಲಿ ಕೆತ್ತಿದೆ. ಕೇಳದೆ ತೆಗೆಯುವ ಹಾಗಿಲ್ಲ. ಅವರು ಮುಂಬೈಯಿಂದ ಮಹಾಸಭೆಗೆ ಬಂದಾಗ ಮಾತಾಡುವುದು ಎಂದು ನಿರ್ಣಯ ಬರೆದಿದ್ದೇವೆ. ಯಾರು ಮಾತಾಡುವುದು ಎಂದು ಮಾತ್ರ ಬರೆದಿಲ್ಲ.